ತನ್ನ ಕೆಲಸವನ್ನು ತಾನೇ ಹೀಗಳೆದ ಬರಹಗಾರ

ಬರಹಗಾರನೊಬ್ಬ ತನ್ನ ಬರವಣಿಗೆಯ ಬಗೆಗೆ ತಾನೇ ಕೊಡುವ ತೀರ್ಪನ್ನು ನಾವು ಎಷ್ಟರಮಟ್ಟಿಗೆ ನಂಬಬೇಕು? ಆತ್ಮಪ್ರಶಂಸೆಯನ್ನು ನಂಬಬಾರದೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಆತ್ಮನಿಂದೆಯನ್ನು? "ನಾನು ಮಾಡಿದ್ದು ಕೇವಲ ಹೊಟ್ಟೆಪಾಡಿನ ಕೆಲಸ, ಅದರಲ್ಲಿ ಹುರುಳಿಲ್ಲ" ಎಂದು ಒಬ್ಬನು ಹೇಳಿದರೆ ಅದನ್ನು ವಿನಯವೆಂದೋ ಪ್ರಾಮಾಣಿಕತೆಯೆಂದೋ ಭಾವಿಸಿ ನಾವು ತಲೆದೂಗಿಬಿಡುತ್ತೇವೆ. ಹಾಗೆ ತಲೆದೂಗುವುದು ಸರಿಯಲ್ಲ ಎಂಬುದಕ್ಕೆ ಅಮೆರಿಕದ ಚಿತ್ರಕಥಾ ಲೇಖಕ ಬೆನ್ ಹೆಕ್ಟ್‌ನ ಬದುಕಿಗಿಂತ ಒಳ್ಳೆಯ ನಿದರ್ಶನ ನನಗೆ ತೋರುವುದಿಲ್ಲ.

ಮೂಕಿಚಿತ್ರಗಳ ಕೊನೆಗಾಲದಿಂದ ಆರಂಭಿಸಿ 1964ರಲ್ಲಿ ತೀರಿಕೊಳ್ಳುವವರೆಗೂ ಆತ ಹಾಲಿವುಡ್ಡಿಗಾಗಿ ಬರೆದ. ತೆರೆಯ ಮೇಲೆ ಆತನ ಹೆಸರು ಬಂದ ಚಿತ್ರಗಳೇ ಸುಮಾರು 70. ಹೆಸರಿಲ್ಲದೆ ತಿದ್ದಿಕೊಟ್ಟವು ಇನ್ನೂ ಎಷ್ಟೋ. ಆರು ಬಾರಿ ಅಕಾಡೆಮಿ ಪ್ರಶಸ್ತಿಗೆ ಹೆಸರು ಸೂಚಿತವಾಗಿ ಎರಡು ಬಾರಿ ಪ್ರಶಸ್ತಿ ಬಂತು. ಇಷ್ಟೆಲ್ಲ ಮಾಡಿದ ಮನುಷ್ಯ 1954ರಲ್ಲಿ ಪ್ರಕಟಿಸಿದ ತನ್ನ ಬೃಹತ್ ಆತ್ಮಕಥೆ 'ಎ ಚೈಲ್ಡ್ ಆಫ್ ದ ಸೆಂಚುರಿ'ಯಲ್ಲಿ ಸಿನಿಮಾವನ್ನು ಶತಮಾನವನ್ನೇ ಕೆಡಿಸಿದ ದುರಭ್ಯಾಸಗಳಲ್ಲೊಂದು ಎಂಬಂತೆ ಚಿತ್ರಿಸಿದ. ಸಾಹಿತ್ಯ ತನ್ನ ನಿಜವಾದ ವೃತ್ತಿ, ಸಿನಿಮಾ ಹಣ ಕೊಳ್ಳೆಹೊಡೆಯುವ ಜಾಗ ಎಂಬುದು ಆತನ ನಿಲುವು. ವಿಮರ್ಶಕರಲ್ಲಿ ಅನೇಕರು ಈ ಮಾತನ್ನೇ ಹಿಡಿದುಕೊಂಡು 'ಹಾಲಿವುಡ್ಡಿನಲ್ಲಿ ಹಾಳಾದ ಪ್ರತಿಭೆ' ಎಂದು ಮರುಗಿದರು. ಆತ ಹಾಳಾಗಲಿಲ್ಲ, ಆತನ ಅತ್ಯುತ್ತಮ ಕೃತಿಗಳು ಆತ ತಿರಸ್ಕರಿಸಿದ ಆ ಕೂಲಿಕೆಲಸದಲ್ಲೇ ಇವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಆತ ಬೆಳೆದ ಬಗೆಯನ್ನು ನೋಡೋಣ. ರಷ್ಯನ್ ಸಾಮ್ರಾಜ್ಯದಿಂದ ವಲಸೆ ಬಂದ ಯಹೂದಿ ದಂಪತಿಗಳ ಮಗನಾಗಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಹೆಕ್ಟ್, ವಿಸ್ಕಾನ್ಸಿನ್ ರಾಜ್ಯದ ರಸೀನ್ ಎಂಬ ಊರಿನಲ್ಲಿ ಬೆಳೆದ. 1910ರಲ್ಲಿ, ಇನ್ನೂ ಮೀಸೆ ಚಿಗುರುತ್ತಿದ್ದ ವಯಸ್ಸಿನಲ್ಲಿ, ಷಿಕಾಗೊ ಸೇರಿ 'ಡೈಲಿ ಜರ್ನಲ್' ಪತ್ರಿಕೆಯಲ್ಲಿ ಕೆಲಸ ಹಿಡಿದ. ಅಲ್ಲಿ ಆತನಿಗೆ ವಹಿಸಿದ ಮೊದಲ ಕೆಲಸ ವಿಚಿತ್ರವಾದದ್ದು. ಕೊಲೆಯಾದವರ, ಅಪಘಾತಕ್ಕೀಡಾದವರ ಮನೆಗಳಿಗೆ ಹೋಗಿ, ಹೇಗಾದರೂ ಮಾಡಿ ಅವರ ಭಾವಚಿತ್ರಗಳನ್ನು ಪತ್ರಿಕೆಗೆ ತಂದುಕೊಡಬೇಕು! ಅಗತ್ಯ ಬಿದ್ದರೆ ಕದ್ದು ತರುವುದೂ ಉಂಟು. ಮುಂದೆ ವರದಿಗಾರನಾಗಿ ನ್ಯಾಯಾಲಯ, ಸೆರೆಮನೆ, ಶವಾಗಾರ, ಪೊಲೀಸ್ ಠಾಣೆಗಳನ್ನು ಸುತ್ತಿದ. ಮೊದಲ ಮಹಾಯುದ್ಧ ಮುಗಿದೊಡನೆ 'ಡೈಲಿ ನ್ಯೂಸ್' ಪತ್ರಿಕೆ ಆತನನ್ನು ಬರ್ಲಿನ್ನಿಗೆ ಕಳುಹಿಸಿತು. ಸೋತ ಜರ್ಮನಿಯ ಕ್ಷೋಭೆಯನ್ನು ಕಣ್ಣಾರೆ ಕಂಡ. ಹಿಂದಿರುಗಿದ ಮೇಲೆ 1921ರಿಂದ ಷಿಕಾಗೊದ ಸಾಮಾನ್ಯ ಜನರನ್ನು ಕುರಿತು ದಿನಕ್ಕೊಂದರಂತೆ ಅಂಕಣ ಬರೆದ. ಅದೇ ವರ್ಷ ಮೊದಲ ಕಾದಂಬರಿ 'ಎರಿಕ್ ಡಾರ್ನ್' ಬಂತು. ಮರುವರ್ಷದ ಕಾದಂಬರಿಯೊಂದು ಅಶ್ಲೀಲವೆಂಬ ಆರೋಪಕ್ಕೆ ಗುರಿಯಾಗಿ ಮೊಕದ್ದಮೆಯನ್ನೂ ಎದುರಿಸಿತು.

1920ರ ದಶಕದ ಮಧ್ಯಭಾಗದಲ್ಲಿ ನ್ಯೂಯಾರ್ಕಿನಲ್ಲಿ ಕೈ ಖಾಲಿಯಾಗಿ ಕುಳಿತಿದ್ದ ಹೆಕ್ಟ್‌ಗೆ ಗೆಳೆಯ ಹರ್ಮನ್ ಮ್ಯಾಂಕಿವಿಟ್ಜ್ ಹಾಲಿವುಡ್ಡಿನಿಂದ ಒಂದು ತಂತಿ ಕಳುಹಿಸಿದ. ಈ ಮ್ಯಾಂಕಿವಿಟ್ಜನೇ ಮುಂದೆ 'ಸಿಟಿಜನ್ ಕೇನ್' ಚಿತ್ರಕಥೆಯನ್ನು ಬರೆದವರಲ್ಲೊಬ್ಬ. ಇಲ್ಲಿ ಲಕ್ಷಗಟ್ಟಲೆ ಹಣ ಬಿದ್ದಿದೆ, ಪೈಪೋಟಿಗೆ ಇರುವವರೆಲ್ಲ ದಡ್ಡರು, ಈ ಗುಟ್ಟನ್ನು ಹೊರಗೆ ಬಿಡಬೇಡ ಎಂಬುದು ತಂತಿಯ ಸಾರಾಂಶ. ಹೆಕ್ಟ್ ಸಿನಿಮಾಕ್ಕೆ ಕಾಲಿಟ್ಟದ್ದು ಈ ಮನೋಭಾವದಿಂದ. ಆ ಧೋರಣೆ ಕೊನೆಯವರೆಗೂ ಆತನನ್ನು ಬಿಡಲಿಲ್ಲ.

ಆದರೆ ಕೆಲಸದಲ್ಲಿ ಏನಾಯಿತು ನೋಡಿ. ಸಿನಿಮಾದ ನಾಯಕ ನಾಯಕಿಯರು ಕಡ್ಡಾಯವಾಗಿ ಸದ್ಗುಣಿಗಳಾಗಿರಬೇಕಾದ್ದರಿಂದ ಅವರನ್ನು ಕುರಿತು ಬರೆಯುವುದು ಬೇಸರದ ಸಂಗತಿಯೆಂದೂ, ದುಷ್ಟರಿಗೆ ಮಾತ್ರ ಬೇಕಾದಂತೆ ಬದುಕುವ ಸ್ವಾತಂತ್ರ್ಯವಿದೆಯೆಂದೂ ಆತ ಗಮನಿಸಿದ. ಹಾಗಾದರೆ ದುಷ್ಟರನ್ನೇ ಕಥೆಯ ಕೇಂದ್ರದಲ್ಲಿ ಏಕೆ ಇಡಬಾರದು? ಹೀಗೆ ಹುಟ್ಟಿದ್ದು 1927ರ 'ಅಂಡರ್‌ವರ್ಲ್ಡ್'. ಷಿಕಾಗೊದ ಬೀದಿಗಳಲ್ಲಿ ತಾನು ಕಂಡಿದ್ದ ಪುಂಡರನ್ನು ಆತ ಅದರೊಳಕ್ಕೆ ತಂದ. ನಿರ್ದೇಶಕ ಜೋಸೆಫ್ ಫಾನ್ ಸ್ಟರ್ನ್‌ಬರ್ಗ್ ಅದಕ್ಕೆ ಕೆಲವು ಭಾವುಕ ಪ್ರಸಂಗಗಳನ್ನು ಸೇರಿಸಿದಾಗ ಹೆಕ್ಟ್ ಸಿಡಿದೆದ್ದು, ತನ್ನ ಹೆಸರನ್ನು ಚಿತ್ರದಿಂದ ತೆಗೆದುಹಾಕುವಂತೆ ತಂತಿ ಕಳುಹಿಸಿದನಂತೆ. ಹೆಸರನ್ನು ತೆಗೆಯಲಿಲ್ಲ. 1929ರ ಮೇ ತಿಂಗಳಲ್ಲಿ ಮೊಟ್ಟಮೊದಲ ಅಕಾಡೆಮಿ ಪ್ರಶಸ್ತಿಗಳನ್ನು ಹಂಚಿದಾಗ ಮೂಲಕಥೆಗೆಂದು ಕೊಟ್ಟ ಪ್ರಶಸ್ತಿ ಆತನಿಗೇ ಸಂದಿತು. ತನ್ನದಲ್ಲವೆಂದು ತಳ್ಳಿಹಾಕಿದ ಕೂಸು ಹೀಗೆ ಕೀರ್ತಿ ತಂದುಕೊಟ್ಟಿತು. ಈ ಮನುಷ್ಯನ ಬಾಳಿನುದ್ದಕ್ಕೂ ಇದೇ ಕಥೆ.

ಅಷ್ಟರಲ್ಲಿ ಚಿತ್ರಗಳಿಗೆ ಮಾತು ಬಂದಿತ್ತು. 1927ರ ಅಕ್ಟೋಬರಿನಲ್ಲಿ 'ದ ಜಾಝ್ ಸಿಂಗರ್' ತೆರೆಕಂಡ ಮೇಲೆ ನಿರ್ಮಾಪಕರಿಗೆ ಜನ ಮಾತನಾಡುವಂತೆ ಬರೆಯಬಲ್ಲವರು ತುರ್ತಾಗಿ ಬೇಕಾದರು. ಪತ್ರಿಕೆ ಮತ್ತು ರಂಗಭೂಮಿಗಳಿಂದ ಲೇಖಕರು ತಂಡೋಪತಂಡವಾಗಿ ಕ್ಯಾಲಿಫೋರ್ನಿಯಾಕ್ಕೆ ಹೋದರು. ಹೆಕ್ಟ್ ಎರಡೂ ಕಡೆಗೆ ಸೇರಿದವನು. ಷಿಕಾಗೊದ ಇನ್ನೊಬ್ಬ ಮಾಜಿ ಪತ್ರಕರ್ತ ಚಾರ್ಲ್ಸ್ ಮೆಕಾರ್ಥರ್ ಜತೆಗೂಡಿ ಬರೆದ 'ದ ಫ್ರಂಟ್ ಪೇಜ್' ನಾಟಕ 1928ರ ಆಗಸ್ಟಿನಲ್ಲಿ ಬ್ರಾಡ್‌ವೇ ರಂಗಮಂದಿರದಲ್ಲಿ ಪ್ರದರ್ಶನ ಕಂಡಿತು. ಕ್ರಿಮಿನಲ್ ನ್ಯಾಯಾಲಯದ ಕಟ್ಟಡದಲ್ಲಿರುವ ಪತ್ರಕರ್ತರ ಕೊಠಡಿಯೇ ರಂಗಸ್ಥಳ. ಮರುದಿನ ಬೆಳಗ್ಗೆ ಒಬ್ಬ ಕೈದಿಗೆ ಗಲ್ಲು. ಮದುವೆಯಾಗಿ ಈ ಹಾಳು ವೃತ್ತಿಯನ್ನೇ ಬಿಟ್ಟು ಹೊರಡಬೇಕೆಂದಿರುವ ವರದಿಗಾರ ಹಿಲ್ಡಿ ಜಾನ್ಸನ್. ಆತನನ್ನು ಬಿಡಲೊಲ್ಲದ ಸಂಪಾದಕ ವಾಲ್ಟರ್ ಬರ್ನ್ಸ್. ಕೈದಿ ತಪ್ಪಿಸಿಕೊಂಡು ಅದೇ ಕೊಠಡಿಗೆ ಬಂದುಬಿಡುತ್ತಾನೆ, ಅವನನ್ನು ಮೇಜಿನೊಳಗೆ ಬಚ್ಚಿಡುತ್ತಾರೆ. ಎಲ್ಲರೂ ಒಟ್ಟಿಗೆ ಮಾತನಾಡುತ್ತಾರೆ, ಯಾರೂ ಯಾರ ಮಾತನ್ನೂ ಪೂರ್ತಿ ಕೇಳುವುದಿಲ್ಲ.

ಈ ನಾಟಕ 1931ರಲ್ಲಿ ಚಲನಚಿತ್ರವಾಯಿತು. 1940ರಲ್ಲಿ ಹೊವಾರ್ಡ್ ಹಾಕ್ಸ್ ಅದನ್ನೇ 'ಹಿಸ್ ಗರ್ಲ್ ಫ್ರೈಡೇ' ಎಂಬ ಹೆಸರಿನಲ್ಲಿ ಮತ್ತೆ ತೆಗೆದ. ಚಾರ್ಲ್ಸ್ ಲೆಡರರ್ ಬರೆದ ಆ ರೂಪಾಂತರದಲ್ಲಿ ಹಿಲ್ಡಿ ಹೆಣ್ಣಾದಳು, ಸಂಪಾದಕನ ವಿಚ್ಛೇದಿತ ಪತ್ನಿಯೂ ಆದಳು. 1974ರಲ್ಲಿ ಬಿಲ್ಲಿ ವೈಲ್ಡರ್ ಮತ್ತೊಮ್ಮೆ ಚಿತ್ರಿಸಿದ. ಗಂಡು ಪಾತ್ರವನ್ನು ಹೆಣ್ಣಾಗಿಸಿದರೂ ಕಥೆಯ ಅಸ್ಥಿಪಂಜರ ಅಲುಗಲಿಲ್ಲ. ಏಕೆಂದರೆ ಅದು ವರದಿಗಾರರ ವೃತ್ತಿಯನ್ನು ಒಳಗಿನಿಂದ ಬಲ್ಲವರು ಕಟ್ಟಿದ್ದು. ಆ ವೃತ್ತಿಯ ಕ್ರೌರ್ಯವೂ ಅದರ ಮೇಲಿನ ಮೋಹವೂ ಅಲ್ಲಿ ಬೇರ್ಪಡಿಸಲಾಗದಂತೆ ಬೆರೆತಿವೆ.

ಇನ್ನು ಆತನ ವೇಗದ ಮಾತು. 1932ರಲ್ಲಿ ಬಿಡುಗಡೆಯಾದ 'ಸ್ಕಾರ್‌ಫೇಸ್' ಚಿತ್ರಕ್ಕಾಗಿ ನಿರ್ಮಾಪಕ ಹೊವಾರ್ಡ್ ಹ್ಯೂಸ್ ಕರೆದಾಗ, ದಿನಕ್ಕೆ 1000 ಡಾಲರ್ ಕೂಲಿ, ಅದನ್ನು ಪ್ರತಿದಿನ ಸಂಜೆ 6 ಗಂಟೆಗೆ ಕೈಯಲ್ಲಿಡಬೇಕು ಎಂದು ಹೆಕ್ಟ್ ಕರಾರು ಹಾಕಿದನಂತೆ. ಕಥೆಯನ್ನು 11 ದಿನಗಳಲ್ಲಿ ಮುಗಿಸಿಕೊಟ್ಟ. ಅಂದಿನ ಷಿಕಾಗೊದ ಭೂಗತ ದೊರೆ ಅಲ್ ಕಪೋನ್‌ನ ನೆರಳು ಆ ಕಥೆಯ ಮೇಲೆ ಸ್ಪಷ್ಟವಾಗಿದೆ. ಅದರೊಂದಿಗೆ ಇಟಲಿಯ ಬೋರ್ಜಿಯಾ ಮನೆತನದ ಇತಿಹಾಸವನ್ನು ಬೆರೆಸಿ, ಅಣ್ಣತಂಗಿಯರ ನಡುವಣ ಅಸಹಜವಾದ ಮೋಹವೊಂದನ್ನು ಹೆಣೆದಿದ್ದಾರೆ. ಹಿಂಸೆಯ ಚಿತ್ರಣಕ್ಕೆ ಹೆದರಿದ ಸೆನ್ಸಾರ್ ಅಧಿಕಾರಿಗಳು 'ರಾಷ್ಟ್ರದ ಕಳಂಕ' ಎಂಬರ್ಥದ ಉಪಶೀರ್ಷಿಕೆಯನ್ನು ಅಂಟಿಸಿ ಉಪದೇಶದ ದೃಶ್ಯವನ್ನೂ ಸೇರಿಸುವಂತೆ ಮಾಡಿದರು. ಇಂದು ಆ ಉಪದೇಶ ಯಾರ ನೆನಪಿನಲ್ಲೂ ಇಲ್ಲ. ಕಥೆ ಮಾತ್ರ ಉಳಿಯಿತು: 1983ರಲ್ಲಿ ಬ್ರಯನ್ ಡಿ ಪಾಮ ಅದನ್ನು ಹೊಸದಾಗಿ ತೆಗೆದಾಗ ಚಿತ್ರವನ್ನು ಹಾಕ್ಸ್ ಮತ್ತು ಹೆಕ್ಟ್ ಇಬ್ಬರಿಗೂ ಅರ್ಪಿಸಿದ.

'ಗಾನ್ ವಿತ್ ದ ವಿಂಡ್' ಪ್ರಸಂಗ ಇನ್ನೂ ಸ್ವಾರಸ್ಯಕರ. 1939ರ ಫೆಬ್ರವರಿಯಲ್ಲಿ ಚಿತ್ರೀಕರಣ ನಡೆಯುತ್ತಿದ್ದಾಗಲೇ ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್ ನಿರ್ದೇಶಕನನ್ನು ಬದಲಿಸಿ, ಕೆಲಸ ನಿಲ್ಲಿಸಿ, ಹೆಕ್ಟ್‌ಗೆ ಬುಲಾವ್ ಕಳುಹಿಸಿದ. ಮಾರ್ಗರೆಟ್ ಮಿಚೆಲ್‌ಳ ಆ ಜನಪ್ರಿಯ ಕಾದಂಬರಿಯನ್ನು ಹೆಕ್ಟ್ ಓದಿಯೇ ಇರಲಿಲ್ಲ! ಓದಲು ಸಮಯವೂ ಇರಲಿಲ್ಲ. ಸೆಲ್ಜ್‌ನಿಕ್ ಮತ್ತು ಹೊಸ ನಿರ್ದೇಶಕ ವಿಕ್ಟರ್ ಫ್ಲೆಮಿಂಗ್ ದೃಶ್ಯಗಳನ್ನು ಅಭಿನಯಿಸಿ ತೋರಿಸುವುದು, ಹೆಕ್ಟ್ ಬೆರಳಚ್ಚು ಯಂತ್ರದ ಮುಂದೆ ಕುಳಿತು ಬರೆಯುವುದು. ಬಾಳೆಹಣ್ಣು ಮತ್ತು ಕಡಲೆಕಾಯಿ ಬೀಜವೇ ಆ ವಾರದ ಆಹಾರವೆಂದು ಆತ ಆತ್ಮಕಥೆಯಲ್ಲಿ ರಸವತ್ತಾಗಿ ಬರೆದಿದ್ದಾನೆ. ಆತನ ನೆನಪುಗಳಿಗೆ ಒಂದಿಷ್ಟು ಒಗ್ಗರಣೆ ಬಿದ್ದಿರುತ್ತದೆ ಎಂಬುದನ್ನು ಓದುಗರು ಮರೆಯಬಾರದು. ಆದರೆ ಮುಖ್ಯವಾದ ಸಂಗತಿ ಬೇರೆ. ಹಿಂದೆ ಸಿಡ್ನಿ ಹೊವಾರ್ಡ್ ಸಿದ್ಧಪಡಿಸಿದ್ದ ಮೂಲ ಚಿತ್ರಕಥೆಯೇ ಅತ್ಯುತ್ತಮವೆಂದು ಗುರುತಿಸಿ, ಅದನ್ನು ಹುಡುಕಿಸಿ ತರಿಸಿ, ಅದರ ಆಧಾರದ ಮೇಲೆ ಹೆಕ್ಟ್ ತನ್ನ ಕೆಲಸ ಮಾಡಿದ. ತೆರೆಯ ಮೇಲೆ ಬಂದದ್ದು ಹೊವಾರ್ಡನ ಹೆಸರೊಂದೇ. ಅದೇ ವರ್ಷ ಆಗಸ್ಟಿನಲ್ಲಿ ಟ್ರ್ಯಾಕ್ಟರ್ ಅಪಘಾತದಲ್ಲಿ ತೀರಿಕೊಂಡಿದ್ದ ಹೊವಾರ್ಡನಿಗೆ ಮರಣೋತ್ತರವಾಗಿ ಪ್ರಶಸ್ತಿಯೂ ಸಂದಿತು. ಸಿನಿಮಾವನ್ನು ಬಾಯಿತುಂಬ ಬೈಯುತ್ತಿದ್ದವನು ಇನ್ನೊಬ್ಬನ ಬರವಣಿಗೆಯ ಬೆಲೆಯನ್ನು ಒಂದೇ ಓದಿಗೆ ತಿಳಿದು ಅದನ್ನು ಉಳಿಸಿದ. ಕೆಲಸವನ್ನು ನಿಜವಾಗಿ ತಿರಸ್ಕರಿಸುವವನು ಹೀಗೆ ಮಾಡಲಾರ.

ಹಾಗಾದರೆ ಕಾದಂಬರಿಗಳಲ್ಲಿ ಮೂಡದ ಸತ್ತ್ವ ಸಿನಿಮಾದಲ್ಲಿ ಏಕೆ ಮೂಡಿತು? ನನಗೆ ಎರಡು ಕಾರಣಗಳು ಕಾಣುತ್ತವೆ. ಮೊದಲನೆಯದು ಪತ್ರಿಕೆಯ ಶಿಸ್ತು. ಗಡಿಯಾರದ ಮುಳ್ಳು ನೋಡುತ್ತ ಬರೆಯುವವನಿಗೆ ಅಲಂಕಾರಕ್ಕೆ ವ್ಯವಧಾನವಿಲ್ಲ. ಪ್ರತಿ ಸಾಲೂ ಓದುಗನಿಗೆ ಹೊಸದೇನನ್ನಾದರೂ ತಿಳಿಸಬೇಕು. ಎರಡನೆಯದು ಜತೆಗಾರರು. ಹೆಕ್ಟ್ ಸ್ವಭಾವತಃ ವಿಶೇಷಣಪ್ರಿಯ. ಮನಸೋಇಚ್ಛೆ ಬರೆಯಲು ಬಿಟ್ಟರೆ ಆತನ ವಾಕ್ಯಗಳು ಉಬ್ಬಿಹೋಗುತ್ತವೆ. ಕಾದಂಬರಿಗಳಲ್ಲಿ ಆದದ್ದು ಅದೇ. ಮೆಕಾರ್ಥರ್, ಹಾಕ್ಸ್, ಹಿಚ್‌ಕಾಕ್‌ರಂಥವರು ಎದುರಿಗೆ ಕುಳಿತಾಗ ಆ ಉಬ್ಬು ಇಳಿಯುತ್ತಿತ್ತು.

ಇದಕ್ಕೆ ಪುರಾವೆಯೂ ಇದೆ. 1934ರಿಂದ ಹೆಕ್ಟ್ ಮತ್ತು ಮೆಕಾರ್ಥರ್ ನ್ಯೂಯಾರ್ಕಿನ ಆಸ್ಟೋರಿಯಾ ಸ್ಟುಡಿಯೋದಲ್ಲಿ ತಾವೇ ಬರೆದು, ತಾವೇ ನಿರ್ಮಿಸಿ, ತಾವೇ ನಿರ್ದೇಶಿಸಿ ನಾಲ್ಕು ಚಿತ್ರಗಳನ್ನು ತೆಗೆದರು. ಹಾಲಿವುಡ್ಡಿನ ದೊರೆಗಳ ಹಂಗು ಇಲ್ಲದ ಪೂರ್ಣ ಸ್ವಾತಂತ್ರ್ಯ ಅದು. ಅವುಗಳಲ್ಲಿ 'ದ ಸ್ಕೌಂಡ್ರಲ್' ಮೂಲಕಥೆಗಾಗಿ ಅಕಾಡೆಮಿ ಪ್ರಶಸ್ತಿ ಪಡೆಯಿತೆಂಬುದನ್ನು ಒಪ್ಪಬೇಕು. ಆದರೂ ಇಂದು ಅವುಗಳನ್ನು ಹುಡುಕಿ ನೋಡುವವರು ವಿರಳ. ಕೂಲಿಗೆ ಬರೆದ 'ನಟೋರಿಯಸ್' (1946) ಚಿತ್ರವನ್ನು ಮಾತ್ರ ಜಗತ್ತಿನಾದ್ಯಂತ ಇನ್ನೂ ನೋಡುತ್ತಾರೆ.

ಆ ಚಿತ್ರದ ಕಡೆಯ ದೃಶ್ಯವನ್ನು ನೆನಪಿಸಿಕೊಳ್ಳಿ. ನೋಡಿರದವರಿಗೆ ಸಂಕ್ಷೇಪವಾಗಿ ಹೇಳುತ್ತೇನೆ. ರಿಯೋ ಡಿ ಜನೈರೋದಲ್ಲಿ ನಾಟ್ಸಿಗಳ ಗುಂಪೊಂದರ ಒಳಗೆ ಸೇರಿ ಗುಟ್ಟು ತಿಳಿಯಲೆಂದು, ಅಮೆರಿಕದ ಗೂಢಚಾರರು ಅಲಿಸಿಯಾ ಎಂಬ ತರುಣಿಯನ್ನು ಸೆಬಾಸ್ಟಿಯನ್ ಎಂಬವನ ಮನೆಗೆ ಕಳುಹಿಸುತ್ತಾರೆ. ಕೊನೆಗೆ ಅವನನ್ನು ಮದುವೆಯಾಗುವಂತೆಯೂ ಬಿಡುತ್ತಾರೆ. ಅವಳನ್ನು ಪ್ರೀತಿಸುವ ಗೂಢಚಾರ ಡೆವ್ಲಿನ್ ಒಂದೇ ಒಂದು ಮಾತು ಹೇಳಿ ತಡೆಯಬಹುದಾಗಿತ್ತು, ಹೇಳುವುದಿಲ್ಲ. ನಿಜ ತಿಳಿದ ಸೆಬಾಸ್ಟಿಯನ್ ಮತ್ತು ಅವನ ತಾಯಿ ಅವಳಿಗೆ ದಿನದಿನವೂ ಸ್ವಲ್ಪ ಸ್ವಲ್ಪವೇ ವಿಷ ಹಾಕುತ್ತಾರೆ. ಕಡೆಗೆ ಡೆವ್ಲಿನ್ ಬಂದು ಅವಳನ್ನು ತೋಳಿನಲ್ಲಿ ಹಿಡಿದು ಮಹಡಿಯ ಮೆಟ್ಟಿಲಿಳಿಯುತ್ತಾನೆ. ಕೆಳಗೆ ಶತ್ರುಗಳೆಲ್ಲ ನಿಂತು ನೋಡುತ್ತಿದ್ದಾರೆ. ಒಂದು ಗುಂಡೂ ಹಾರುವುದಿಲ್ಲ. ತನ್ನ ಹೆಂಡತಿ ಗೂಢಚಾರಿಣಿಯೆಂದು ಜತೆಗಾರರಿಗೆ ತಿಳಿದರೆ ತನ್ನ ತಲೆ ಉಳಿಯದೆಂದು ಬಲ್ಲ ಸೆಬಾಸ್ಟಿಯನ್, ಅವರಿಬ್ಬರೂ ಹೊರಟುಹೋಗುವುದನ್ನು ಅಸಹಾಯಕನಾಗಿ ನೋಡಬೇಕಾಗುತ್ತದೆ. ಅನಂತರ ಬಾಗಿಲಿನತ್ತ ಮರಳಿ ನಡೆದುಹೋಗುತ್ತಾನೆ, ಸಾವಿನ ಬಾಯಿಗೆ. ಚಿತ್ರದುದ್ದಕ್ಕೂ ಜನರು ಮನಸ್ಸಿನಲ್ಲಿರುವುದನ್ನು ಬಿಟ್ಟು ಬೇರೆಯದನ್ನೇ ಆಡುತ್ತಾರೆ. ವಾಚಾಳಿಯಾದ ಹೆಕ್ಟ್, ಹಿಚ್‌ಕಾಕ್‌ನ ಸಹವಾಸದಲ್ಲಿ ಮೌನವನ್ನು ಬರೆಯಬಲ್ಲವನಾದ.

ಕೂಲಿ ಬರವಣಿಗೆಗೆ ದೋಷಗಳಿಲ್ಲವೇ? ಖಂಡಿತ ಇವೆ. ಭಾರತೀಯರಾದ ನಾವು ಮರೆಯಬಾರದ ದೋಷವೊಂದು 1939ರ 'ಗಂಗಾದಿನ್' ಚಿತ್ರದಲ್ಲಿದೆ. ಕಿಪ್ಲಿಂಗನ ಪದ್ಯವೊಂದನ್ನು ನೆಪವಾಗಿಟ್ಟುಕೊಂಡು ಹೆಕ್ಟ್ ಮತ್ತು ಮೆಕಾರ್ಥರ್ ಅದರ ಕಥೆ ಹೆಣೆದರು. ಕ್ಯಾಲಿಫೋರ್ನಿಯಾದ ಲೋನ್ ಪೈನ್ ಬೆಟ್ಟಗಳನ್ನೇ ನಮ್ಮ ವಾಯವ್ಯ ಗಡಿಯೆಂದು ತೋರಿಸಲಾಯಿತು. ಅಲ್ಲಿ ಬ್ರಿಟಿಷ್ ಸೈನಿಕರು ವೀರರು, ಕಾಳಿಯ ಭಕ್ತರು ರಾಕ್ಷಸರು. ಒಡೆಯರಿಗಾಗಿ ಪ್ರಾಣ ಬಿಡುವ ನೀರು ಹೊರುವವನೊಬ್ಬನೇ ಒಳ್ಳೆಯ ಭಾರತೀಯ. ಭಾರತದಲ್ಲಿ ಆ ಚಿತ್ರಕ್ಕೆ ಪ್ರಬಲವಾದ ವಿರೋಧ ವ್ಯಕ್ತವಾದದ್ದು ನ್ಯಾಯವಾಗಿಯೇ ಇತ್ತು. ಸಾಹಸ ಚಿತ್ರವಾಗಿ ಅದು ಚುರುಕಾಗಿದೆ. ಅದೇ ಅದರ ಅಪಾಯವೂ ಹೌದು. ತಾನು ಅರಿಯದ ವಿಷಯವನ್ನು ಅವಸರದಲ್ಲಿ ಬರೆಯುವವನ ಲೇಖನಿ ಪೇಟೆಯಲ್ಲಿ ಬಿಕರಿಯಾಗುವ ಪೂರ್ವಗ್ರಹಗಳ ಹಳಿಯ ಮೇಲೆ ಓಡುತ್ತದೆ. ಷಿಕಾಗೊದ ಬೀದಿಗಳ ಬಗ್ಗೆ ಬರೆಯುವಾಗ ಹೆಕ್ಟ್‌ಗೆ ವೇಗ ವರವಾಯಿತು, ಏಕೆಂದರೆ ಅದರ ಹಿಂದೆ ವರ್ಷಗಳ ಅನುಭವವಿತ್ತು. ಭಾರತದ ವಿಷಯದಲ್ಲಿ ಅದೇ ವೇಗ ಶಾಪವಾಯಿತು.

ಇದರಲ್ಲಿ ಇನ್ನೊಂದು ವಿಪರ್ಯಾಸವಿದೆ. ಬ್ರಿಟಿಷ್ ಸೇನೆಯನ್ನು ವೈಭವೀಕರಿಸಿದ ಈತನೇ ಕೆಲವು ವರ್ಷಗಳಲ್ಲಿ ಬ್ರಿಟಿಷರ ಕಡು ವಿರೋಧಿಯಾದ. ಯೂರೋಪಿನ ಯಹೂದಿಗಳನ್ನು ನಾಟ್ಸಿಗಳು ಸಾಮೂಹಿಕವಾಗಿ ಕೊಲ್ಲುತ್ತಿರುವ ಸುದ್ದಿ ಬಂದರೂ ಅಮೆರಿಕ ತೆಪ್ಪಗಿದ್ದುದನ್ನು ಕಂಡು ಹೆಕ್ಟ್ ಕನಲಿದ. 1943ರ ಮಾರ್ಚ್ 9ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಆತ ಬರೆದ 'ವಿ ವಿಲ್ ನೆವರ್ ಡೈ' ಎಂಬ ರೂಪಕ ಪ್ರದರ್ಶಿತವಾಯಿತು. ಒಂದೇ ರಾತ್ರಿ ನಡೆದ ಎರಡು ಪ್ರದರ್ಶನಗಳನ್ನು ಸುಮಾರು 40,000 ಜನ ನೋಡಿದರು. 1946ರ 'ಎ ಫ್ಲಾಗ್ ಈಸ್ ಬಾರ್ನ್' ನಾಟಕದಿಂದ ಬಂದ ಹಣದಲ್ಲಿ ನಿರಾಶ್ರಿತರನ್ನು ಪ್ಯಾಲೆಸ್ಟೈನಿಗೆ ಒಯ್ಯಲು ಹಡಗೊಂದನ್ನು ಕೊಂಡು, ಅದಕ್ಕೆ 'ಬೆನ್ ಹೆಕ್ಟ್' ಎಂದೇ ಹೆಸರಿಟ್ಟರು. 1947ರ ಮಾರ್ಚಿನಲ್ಲಿ ಬ್ರಿಟಿಷ್ ನೌಕಾಪಡೆ ಅದನ್ನು ತಡೆದು, ಅದರಲ್ಲಿದ್ದ ಸುಮಾರು 600 ಜನರನ್ನು ಸೈಪ್ರಸ್ಸಿನ ಶಿಬಿರಗಳಿಗೆ ಸಾಗಿಸಿತು.

ಅದೇ ವರ್ಷ ಆತ, ಪ್ಯಾಲೆಸ್ಟೈನಿನಲ್ಲಿ ಬ್ರಿಟಿಷರ ಮೇಲೆ ಸಶಸ್ತ್ರ ದಾಳಿ ನಡೆಸುತ್ತಿದ್ದವರನ್ನು ಹೊಗಳಿ, ಪತ್ರಿಕೆಗಳಲ್ಲಿ ಜಾಹೀರಾತಿನ ರೂಪದಲ್ಲಿ ಬಹಿರಂಗ ಪತ್ರವನ್ನು ಪ್ರಕಟಿಸಿದ. ಆ ಪತ್ರವನ್ನು ನಾನು ಸಮರ್ಥಿಸಲಾರೆ. ಯಾರದೇ ಸಾವನ್ನು ಹಬ್ಬವೆಂದು ಕಾಣುವ ಬರವಣಿಗೆ, ಎಂಥ ನೋವಿನಿಂದ ಹುಟ್ಟಿದ್ದರೂ, ಬರಹಗಾರನಿಗೆ ಶೋಭಿಸುವುದಿಲ್ಲ. ಆದರೆ ಅದರ ಬೆಲೆಯನ್ನು ಆತ ತೆತ್ತ. 1948ರಲ್ಲಿ ಬ್ರಿಟನ್ನಿನ ಚಿತ್ರಮಂದಿರಗಳ ಮಾಲೀಕರ ಸಂಘ ಹೆಕ್ಟ್‌ನ ಹೆಸರಿರುವ ಚಿತ್ರಗಳಿಗೆ ಬಹಿಷ್ಕಾರ ಹಾಕಿತು. ದೊಡ್ಡ ಮಾರುಕಟ್ಟೆಯನ್ನು ಕಳೆದುಕೊಳ್ಳಲು ಇಚ್ಛಿಸದ ನಿರ್ಮಾಪಕರು ಹಿಂಜರಿದರು, ಸಂಭಾವನೆ ಇಳಿಯಿತು, ಬ್ರಿಟನ್ನಿಗೆ ಹೋಗುವ ಪ್ರತಿಗಳಿಂದ ಹೆಸರನ್ನು ಅಳಿಸಲಾಯಿತು. 'ವರ್ಲ್‌ಪೂಲ್' ಚಿತ್ರದಲ್ಲಿ ಲೆಸ್ಟರ್ ಬಾರ್ಸ್ಟೋ ಎಂಬ ಕಲ್ಪಿತ ಹೆಸರು ಆತನ ಜಾಗದಲ್ಲಿ ಬಂತು. ತನ್ನ ಹೆಸರನ್ನು ಚಿತ್ರದಿಂದ ತೆಗೆಯಿರೆಂದು ಕೋಪದಿಂದ ತಂತಿ ಹೊಡೆದವನು, ಕೋಟಿಗಟ್ಟಲೆ ಜನ ನೋಡಿದ ಚಿತ್ರಕ್ಕೆ ಹೆಸರಿಲ್ಲದೆ ದುಡಿದವನು, ಈಗ ತಾನು ನಂಬಿದ ಮಾತಿಗಾಗಿ ಹೆಸರನ್ನೇ ಕಳೆದುಕೊಂಡ. ತೆರೆಯ ಮೇಲಿನ ಹೆಸರು ಎಷ್ಟು ಬೆಲೆಯುಳ್ಳದ್ದೆಂದು ಆತನಿಗೆ ಆಗ ತಿಳಿದಿರಲಿಕ್ಕೆ ಸಾಕು.

ಒಂದು ಚಲನಚಿತ್ರ ಯಾರದು ಎಂಬ ಪ್ರಶ್ನೆ ಹಳೆಯದು. ಅಮೆರಿಕದಲ್ಲಿ ಚಿತ್ರಕಥಾ ಲೇಖಕರು 1933ರಲ್ಲಿ ತಮ್ಮ ಸಂಘವನ್ನು ಕಟ್ಟಿಕೊಂಡು, ಯಾರ ಹೆಸರು ತೆರೆಯ ಮೇಲೆ ಬರಬೇಕೆಂಬ ನಿರ್ಣಯವನ್ನು ನಿರ್ಮಾಪಕರ ಕೈಯಿಂದ ಬಿಡಿಸಿಕೊಳ್ಳಲು ವರ್ಷಗಟ್ಟಲೆ ಹೋರಾಡಿದರು. 1960ರ ದಶಕದಲ್ಲಿ ವಿಮರ್ಶಕರು ನಿರ್ದೇಶಕನೇ ಚಿತ್ರದ ಕರ್ತೃವೆಂಬ ವಾದವನ್ನು ಮುಂದಿಟ್ಟಾಗ ಲೇಖಕರು ಮತ್ತೆ ನೇಪಥ್ಯಕ್ಕೆ ಸರಿದರು. ವಿಶೇಷವೆಂದರೆ, ಆ ವಾದದ ತವರಾದ ಫ್ರಾನ್ಸಿನ ನಿರ್ದೇಶಕ ಜಾನ್ ಲುಕ್ ಗೊಡಾರ್ಡನೇ, ಹಾಲಿವುಡ್ ಚಿತ್ರಗಳಲ್ಲಿ ಕಾಣುವುದರಲ್ಲಿ ಬಹುಪಾಲನ್ನು ಕಂಡುಹಿಡಿದವನು ಹೆಕ್ಟ್ ಎಂಬರ್ಥದ ಮಾತನ್ನಾಡಿದ್ದಾನೆ. ಅದರಲ್ಲಿ ಉತ್ಪ್ರೇಕ್ಷೆ ಇರಬಹುದು. ಆದರೂ ಭೂಗತ ಲೋಕದ ಕಥೆ, ಪತ್ರಕರ್ತರ ಕಥೆ, ಬಿರುಸಿನ ಮಾತಿನ ಹಾಸ್ಯ ಎಂಬ ಮೂರು ಹಾದಿಗಳಲ್ಲೂ ಆರಂಭದ ಹೆಜ್ಜೆಗಳಲ್ಲಿ ಆತನವೂ ಇವೆ ಎಂಬುದನ್ನು ಯಾರೂ ಅಲ್ಲಗಳೆಯಲಾರರು.

ಇದನ್ನೆಲ್ಲ ನಿಮಗೆ ಬರೆಯಲು ಕಾರಣವಿದೆ. ನನ್ನ ಹಳೆಯ ವಿದ್ಯಾರ್ಥಿಗಳಾದ ನಿಮ್ಮಲ್ಲಿ ಹಲವರು ಬ್ಯಾಂಕುಗಳಲ್ಲಿ, ಕಂಪನಿಗಳಲ್ಲಿ, ಸರ್ಕಾರಿ ಕಚೇರಿಗಳಲ್ಲಿ ದುಡಿಯುತ್ತಿದ್ದೀರಿ. "ಇದೇನು ದೊಡ್ಡ ಕೆಲಸ ಬಿಡಿ ಸಾರ್, ಸಂಬಳಕ್ಕಾಗಿ ಮಾಡುತ್ತಿದ್ದೇವೆ" ಎಂಬ ಮಾತು ನಿಮ್ಮ ಬಾಯಿಂದಲೂ ಬರುವುದುಂಟು. ಸಂಬಳಕ್ಕಾಗಿ ಮಾಡುವುದರಲ್ಲಿ ಅವಮಾನವಿಲ್ಲ. ನಾವು ಯಾವುದನ್ನು ನಮ್ಮ ಮುಖ್ಯ ಸಾಧನೆಯೆಂದು ಎದೆಗವಚಿಕೊಂಡಿದ್ದೇವೆಯೋ ಅದು ಉಳಿಯದೆ ಹೋಗಬಹುದು. ಸಂಜೆ 6 ಗಂಟೆಗೆ ಕೂಲಿ ಎಣಿಸಿಕೊಂಡು ಕೈತೊಳೆದುಕೊಂಡ ಕೆಲಸವೇ ನಮ್ಮ ಹೆಸರನ್ನು ಉಳಿಸಬಹುದು. ಆದ್ದರಿಂದ ಕೆಲಸವನ್ನು ಬಾಯಲ್ಲಿ ಎಷ್ಟಾದರೂ ಹೀಗಳೆಯಿರಿ, ಕೈಯಲ್ಲಿ ಹೀಗಳೆಯಬೇಡಿ. ಹೆಕ್ಟ್ ಮಾಡಿದ್ದೂ ಅದನ್ನೇ. ಭಾರತದ ಕಥೆಯನ್ನು ಬರೆಯುವಾಗ ಕೈಯಲ್ಲೂ ಹಗುರವಾದ. ಅದಕ್ಕಾಗಿ ಇಂದಿಗೂ ಆತನನ್ನು ಟೀಕಿಸುತ್ತೇವೆ.

ಬಿಡುವಾದಾಗ 'ಹಿಸ್ ಗರ್ಲ್ ಫ್ರೈಡೇ' ಮತ್ತು 'ನಟೋರಿಯಸ್' ಚಿತ್ರಗಳನ್ನು ಒಂದರ ಹಿಂದೊಂದರಂತೆ ನೋಡಿ. ಮೊದಲನೆಯದರಲ್ಲಿ ಮಾತಿನ ಮಳೆ. ಎರಡನೆಯದರಲ್ಲಿ ಆಡದೆ ಉಳಿದ ಮಾತು. ಚಿತ್ರ ಆರಂಭವಾಗುವಾಗ ಬರುವ ಹೆಸರುಗಳ ಪಟ್ಟಿಯನ್ನು ಓಡಿಸದೆ ಒಮ್ಮೆ ಓದಿ. ನೋಡಿದ ಮೇಲೆ ನಿಮಗೆ ಅನ್ನಿಸಿದ್ದನ್ನು ಬರೆದು ತಿಳಿಸಿದರೆ ಸಂತೋಷ. ನನ್ನ ಅಭಿಪ್ರಾಯವನ್ನು ಒಪ್ಪದಿದ್ದರೆ ಇನ್ನೂ ಸಂತೋಷ.